ಮನೆಯಲ್ಲಿ ಪನ್ಸಿಟ್: ನೂಡಲ್ಸ್ ಬೇಯಬೇಕಾದದ್ದು ಎಸರಿನಲ್ಲಿ

ಪ್ರಶ್ನೆ: ನನ್ನ ಮಗಳು ಫಿಲಿಪ್ಪೀನ್ಸ್‌ನ ದಾವಾವೊ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅಲ್ಲಿ ಗೆಳತಿಯರ ಮನೆಗಳಲ್ಲಿ ತಿಂದ ‘ಪನ್ಸಿಟ್’ ಎಂಬ ನೂಡಲ್ಸ್ ಅವಳಿಗೆ ಬಹಳ ಮೆಚ್ಚುಗೆಯಾಗಿದೆ. ಅವಳು ರಜೆಗೆ ಬಂದಾಗ ಹುಟ್ಟುಹಬ್ಬಕ್ಕೆ ಅದನ್ನೇ ಮಾಡಬೇಕೆಂದು ಈಗಲೇ ಪ್ರಯತ್ನಿಸಿ ನೋಡಿದೆ. ಅಕ್ಕಿ ಶಾವಿಗೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಸಿದು, ಹುರಿದ ತರಕಾರಿಗೆ ಬೆರೆಸಿದೆ, ಎಲ್ಲ ಮುದ್ದೆಯಾಯಿತು. ಸೋಯಾ ಸಾಸ್ ಎಷ್ಟು ಹಾಕಿದರೂ ಒಳಗೆ ರುಚಿ ಹಿಡಿಯಲಿಲ್ಲ. ಯಾವ ನೂಡಲ್ಸ್ ತರಬೇಕು, ಹೇಗೆ ಮಾಡಬೇಕು? ಮನೆಯಲ್ಲಿ ಸಸ್ಯಾಹಾರಿಗಳೂ ಇದ್ದಾರೆ. ಇಪ್ಪತ್ತು ಜನರಿಗೆ ಮುಂಚಿತವಾಗಿ ಮಾಡಿಡಬಹುದೇ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಶಾವಿಗೆ ಮುದ್ದೆಯಾದದ್ದಕ್ಕೂ ಅದರೊಳಗೆ ರುಚಿ ಹಿಡಿಯದೆ ಹೋದದ್ದಕ್ಕೂ ಕಾರಣ ಒಂದೇ. ಬಾಣಲೆಗೆ ಬರುವ ಮೊದಲೇ ಅದು ಬರಿಯ ನೀರಿನಲ್ಲಿ ಪೂರ್ತಿ ಬೆಂದು, ಹೀರಬಹುದಾದಷ್ಟು ನೀರನ್ನು ಹೀರಿಯಾಗಿತ್ತು. ಆಮೇಲೆ ಹಾಕಿದ ಸೋಯಾ ಸಾಸ್‌ಗೆ ಒಳಗೆ ಇಳಿಯಲು ಅವಕಾಶವಿಲ್ಲದೆ ಅದು ಮೇಲ್ಮೈಗೆ ಬಣ್ಣವಾಗಿ ಉಳಿಯಿತು. ಬಾಣಲೆಯ ಬಿಸಿಯಲ್ಲಿ ಮತ್ತೆ ಕೆದಕಿದಾಗ ಎಳೆಗಳು ಒಡೆದು, ಹೊರಬಂದ ಪಿಷ್ಟ ಎಲ್ಲವನ್ನೂ ಅಂಟಿಸಿತು. ಪನ್ಸಿಟ್ ಮಾಡುವ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಒಣ ನೂಡಲ್ಸನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ತರುವುದಿಲ್ಲ. ಉಪ್ಪಿಟ್ಟಿಗೆ ಎಸರಿಟ್ಟು ರವೆ ಅರಳಿಸುವಂತೆ, ಬೆಳ್ಳುಳ್ಳಿ, ಈರುಳ್ಳಿ, ಮಾಂಸ ಹುರಿದ ಅದೇ ಬಾಣಲೆಯಲ್ಲಿ ಅಳತೆಯ ಎಸರಿಟ್ಟು, ನೆನೆದು ಮೆತ್ತಗಾದ ನೂಡಲ್ಸನ್ನು ಅದಕ್ಕೆ ಬಿಟ್ಟು, ಎಸರೆಲ್ಲ ಇಂಗುವವರೆಗೆ ಬೇಯಿಸುತ್ತಾರೆ. ಬರಿಯ ನೀರು ಸೇರಬೇಕಾಗಿದ್ದ ಜಾಗಕ್ಕೆ ಕೋಳಿಯ ಮತ್ತು ಸಿಗಡಿಯ ರಸ ಸೇರುತ್ತದೆ. ಈ ತಿನಿಸಿನ ರುಚಿಯ ಬಹುಪಾಲು ಇರುವುದು ಎಸರಿನಲ್ಲಿಯೇ. ಸಾಸ್‌ಗಳದ್ದು ಎರಡನೆಯ ಸ್ಥಾನ.

ನಮ್ಮ ಊರುಗಳ ಚೈನೀಸ್ ಅಂಗಡಿಗಳಲ್ಲಿ ನೂಡಲ್ಸನ್ನು ಮೊದಲೇ ಬೇಯಿಸಿ, ಆರಿಸಿ, ಎಣ್ಣೆ ಸವರಿ ಇಟ್ಟುಕೊಂಡು, ಗಿರಾಕಿ ಬಂದಾಗ ದೊಡ್ಡ ಉರಿಯಲ್ಲಿ ಎಸೆದು ಎಸೆದು ಹುರಿಯುವುದನ್ನು ನಾವು ನೋಡಿದ್ದೇವೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಪನ್ಸಿಟ್ ಮಾಡಲು ಹೊರಟರೆ ಬಹುತೇಕ ಎಲ್ಲರಿಗೂ ನಿಮಗಾದ ಅನುಭವವೇ ಆಗುತ್ತದೆ. ಫಿಲಿಪ್ಪೀನ್ಸ್‌ಗೆ ನೂಡಲ್ಸನ್ನು ತಂದವರು ಚೀನಾದ ಫೂಜಿಯನ್ ಕಡೆಯ ವರ್ತಕರು ಮತ್ತು ವಲಸೆಗಾರರು. 1594ರಲ್ಲಿ ಸ್ಪ್ಯಾನಿಷ್ ಆಡಳಿತ ಮನಿಲಾದಲ್ಲಿ ಕ್ರೈಸ್ತ ಮತಕ್ಕೆ ಸೇರಿದ ಚೀನೀಯರಿಗಾಗಿ ಬಿನೊಂಡೊ ಬಡಾವಣೆಯನ್ನು ಸ್ಥಾಪಿಸಿತು. ಮುಂದೆ ‘ಪನ್ಸಿತೆರಿಯಾ’ ಎಂಬ ನೂಡಲ್ಸ್ ಖಾನಾವಳಿಗಳು ಬೆಳೆದವು. ಆದರೆ ಮನೆಗಳ ಒಲೆಯ ಮೇಲೆ ಈ ತಿನಿಸು ತನ್ನದೇ ಬೇರೆ ಹಾದಿ ಹಿಡಿಯಿತು. ಬೆಳ್ಳುಳ್ಳಿ ಮತ್ತು ಈರುಳ್ಳಿಯನ್ನು ನಿಧಾನವಾಗಿ ಬಾಡಿಸಿ, ಅದಕ್ಕೆ ಮಾಂಸ ಸೇರಿಸಿ, ಮೀನಿನ ಸಾಸ್ ಹಾಕಿ ಪರಿಮಳ ಎಬ್ಬಿಸುವ ‘ಗಿಸಾ’ ಎಂಬ ಕ್ರಮವೇ ಅಲ್ಲಿನ ಎಷ್ಟೋ ಅಡುಗೆಗಳಿಗೆ ಬುನಾದಿ, ಪನ್ಸಿಟ್‌ಗೂ ಅದೇ. ಇದಕ್ಕೆ ಧಗಧಗಿಸುವ ಉರಿ ಬೇಡ. ಮನೆಯ ಸಾಧಾರಣ ಗ್ಯಾಸ್ ಒಲೆಯಲ್ಲಿ ಹೋಟೆಲಿನ ನೂಡಲ್ಸ್ ಬಾರದು ಎಂದು ಬೇಸರಪಡುವವರಿಗೆ ಪನ್ಸಿಟ್ ನಿಜಕ್ಕೂ ಒಳ್ಳೆಯ ಆಯ್ಕೆ, ಏಕೆಂದರೆ ಅದು ಮೊದಲಿನಿಂದಲೂ ಮನೆಯ ಒಲೆಗೆ ಒಗ್ಗಿದ ಅಡುಗೆ.

ಪನ್ಸಿಟ್ ಎಂಬುದು ಒಂದೇ ತಿನಿಸಿನ ಹೆಸರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಲಬಾನ್ ಎಂಬ ಮೀನುಗಾರರ ಊರಿನಲ್ಲಿ ದಪ್ಪ ಅಕ್ಕಿ ನೂಡಲ್ಸಿಗೆ ಸಿಗಡಿ, ಸ್ಕ್ವಿಡ್ ಬೆರೆಸಿ ಅನಾಟೊ ಬೀಜದ ಕೇಸರಿ ಬಣ್ಣ ಕೊಡುತ್ತಾರೆ. ಲೂಕ್ಬಾನ್‌ನಲ್ಲಿ ಬಾಳೆಲೆಯ ಮೇಲೆ ಬಡಿಸಿ ವಿನೆಗರ್ ಹಾಕಿದ ನೂಡಲ್ಸನ್ನು ಚಮಚವಿಲ್ಲದೆ, ಎಲೆಯನ್ನೇ ಬಾಯಿಗೆ ಹಿಡಿದು ತಿನ್ನುತ್ತಾರೆ. ತೂಗೆಗರಾವೊ ಕಡೆ ಎಮ್ಮೆಯ ಮಾಂಸವನ್ನೂ ಮೊಟ್ಟೆಯನ್ನೂ ಮೇಲೆ ಹೇರುತ್ತಾರೆ. ಮನೆಗಳಲ್ಲಿ ಹೆಚ್ಚಾಗಿ ಮಾಡುವುದು ‘ಪನ್ಸಿಟ್ ಬಿಹೊನ್’ ಮತ್ತು ‘ಪನ್ಸಿಟ್ ಕಾಂಟನ್’ ಎಂಬ ಎರಡು ಬಗೆಗಳನ್ನು. ಬಿಹೊನ್ ಎಂದರೆ ಕೂದಲೆಳೆಯಂತಹ ಬಿಳಿಯ ಸಣ್ಣ ನೂಡಲ್ಸ್; ಕಾಂಟನ್ ಎಂದರೆ ಗೋಧಿ ಹಿಟ್ಟಿನ, ಹಳದಿ ಬಣ್ಣದ, ಮೊದಲೇ ಕರಿದು ಒಣಗಿಸಿದ ನೂಡಲ್ಸ್. ದಾವಾವೊ ನಗರದಲ್ಲಿ ಸೆಬು ಕಡೆಯ ಭಾಷೆ ಆಡುವ ಕುಟುಂಬಗಳೇ ಹೆಚ್ಚಾಗಿರುವುದರಿಂದ, ನಿಮ್ಮ ಮಗಳು ತಿಂದದ್ದು ಎರಡು ಬಗೆಯ ನೂಡಲ್ಸ್ ಕೂಡಿಸಿ ಮಾಡುವ ‘ಬಾಮ್‌ಇ’ ಆಗಿರುವ ಸಾಧ್ಯತೆಯೂ ಇದೆ. ಅದರಲ್ಲಿ ಗೋಧಿಯ ಕಾಂಟನ್ ಜೊತೆಗೆ ಹೆಸರುಕಾಳಿನ ಪಿಷ್ಟದಿಂದ ಮಾಡಿದ, ಬೆಂದಾಗ ಗಾಜಿನಂತೆ ಹೊಳೆಯುವ ‘ಸೊತಾಂಗೊನ್’ ಇರುತ್ತದೆ. ಬಣ್ಣ ಹೇಗಿತ್ತು, ಎಳೆ ಎಷ್ಟು ದಪ್ಪವಿತ್ತು ಎಂದು ಅವಳನ್ನೇ ಒಮ್ಮೆ ಕೇಳಿಕೊಳ್ಳಿ. ಬಾಣಲೆಯಲ್ಲಿ ನಡೆಯುವ ಕೆಲಸ ಮೂರಕ್ಕೂ ಒಂದೇ. ನೆನೆಸುವುದು ಮತ್ತು ಎಸರಿನ ಅಳತೆ ಮಾತ್ರ ಬದಲಾಗುತ್ತವೆ.

ಯಾವ ನೂಡಲ್ಸ್ ತರಬೇಕೆಂಬ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ನಮ್ಮ ಮನೆಗಳ ಒತ್ತು ಶಾವಿಗೆ ಇದಕ್ಕೆ ಸಲ್ಲದು. ಅದು ಬೆಂದ ಹಿಟ್ಟನ್ನು ಒತ್ತಿ ಮಾಡಿದ್ದಾದ್ದರಿಂದ ಎಸರಿಗೆ ಬಿದ್ದೊಡನೆ ಕರಗಿ ಹೋಗುತ್ತದೆ. ಉಪ್ಪಿಟ್ಟು, ಪಾಯಸಕ್ಕೆಂದು ಪ್ಯಾಕೆಟ್‌ನಲ್ಲಿ ಮಾರುವ ಒಣ ಅಕ್ಕಿ ಶಾವಿಗೆಯ ಎಳೆಗಳು ಗಿಡ್ಡವಾಗಿದ್ದು ಬೇಗ ತುಂಡಾಗುತ್ತವೆ, ಗೋಧಿ ಶಾವಿಗೆಯಂತೂ ಬೇರೆಯೇ ಪದಾರ್ಥ. ನಿಮಗೆ ಬೇಕಾದದ್ದು ಉದ್ದನೆಯ ಎಳೆಗಳನ್ನು ಮಡಿಸಿ ಕಟ್ಟಿದ, ಥಾಯ್ ಅಥವಾ ವಿಯೆಟ್ನಾಮ್ ಅಡುಗೆಗೆಂದು ಮಾರುವ ‘ರೈಸ್ ವರ್ಮಿಸೆಲ್ಲಿ’. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿಯೂ ಆನ್‌ಲೈನ್‌ನಲ್ಲಿಯೂ ಅದು ಸಿಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಮಗಳು ಬರುವಾಗ ಅಲ್ಲಿಂದಲೇ ಎರಡು ಮೂರು ಪ್ಯಾಕೆಟ್ ತರಲು ಹೇಳುವುದು. ಒಣ ನೂಡಲ್ಸ್ ಹಗುರ ಮತ್ತು ಕೆಡುವುದಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಬಿಹೊನ್‌ನಲ್ಲಿ ಎಷ್ಟೋ ಬಗೆಗಳು ಅಕ್ಕಿಯಿಂದಲ್ಲ, ಮೆಕ್ಕೆಜೋಳದ ಪಿಷ್ಟದಿಂದ ಅಂದರೆ ಕಾರ್ನ್‌ಸ್ಟಾರ್ಚ್‌ನಿಂದ ಮಾಡಿದವು. ಅವು ಅಕ್ಕಿಯದಕ್ಕಿಂತ ಹೆಚ್ಚು ಗಟ್ಟಿಮುಟ್ಟಾಗಿದ್ದು, ಬಾಣಲೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರೂ ಸುಲಭವಾಗಿ ಒಡೆಯುವುದಿಲ್ಲವಾದ್ದರಿಂದ ಹೊಸದಾಗಿ ಕಲಿಯುವವರಿಗೆ ಅನುಕೂಲ. ಒಂದು ಎಚ್ಚರಿಕೆ: ‘ಪನ್ಸಿಟ್ ಕಾಂಟನ್’ ಎಂದು ಬರೆದ, ಒಳಗೆ ಮಸಾಲೆ ಪೊಟ್ಟಣವಿರುವ ದಿಢೀರ್ ನೂಡಲ್ಸ್ ಅಲ್ಲಿನ ಹಾಸ್ಟೆಲುಗಳಲ್ಲಿ ಬಹಳ ಜನಪ್ರಿಯ. ಹೆಸರು ಒಂದೇ ಆದರೂ ನಮಗೆ ಬೇಕಾದದ್ದು ಅದಲ್ಲ ಎಂದು ಮಗಳಿಗೆ ತಿಳಿಸಿ.

ಇನ್ನು ಎಸರು. ನಾಲ್ಕು ಜನರಿಗೆ 200 ಗ್ರಾಂ ಒಣ ಬಿಹೊನ್ ಲೆಕ್ಕದಲ್ಲಿ ಹೇಳುತ್ತೇನೆ. ಅಲ್ಲಿ ಹಂದಿಮಾಂಸ, ಕೋಳಿ, ಸಿಗಡಿ ಮೂರೂ ಕೂಡಿರುವುದು ವಾಡಿಕೆ. ನೀವು ಕೋಳಿ ಮತ್ತು ಸಿಗಡಿಯಿಂದಲೇ ಚೆನ್ನಾಗಿ ಮಾಡಬಹುದು. ಮೂಳೆಯಿರುವ 300 ಗ್ರಾಂ ಕೋಳಿ ತೊಡೆಯನ್ನು ಒಂದು ಈರುಳ್ಳಿಯ ಅರ್ಧ, ನಾಲ್ಕು ಕಾಳುಮೆಣಸು, ಸ್ವಲ್ಪವೇ ಉಪ್ಪು ಹಾಕಿ, 900 ಮಿಲಿಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಕೋಳಿಯನ್ನು ತೆಗೆದು, ಆರಿದ ಮೇಲೆ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿಡಿ. ಅತ್ತ 150 ಗ್ರಾಂ ಸಿಗಡಿ ಬಿಡಿಸಿದಾಗ ಬಂದ ತಲೆ ಮತ್ತು ಸಿಪ್ಪೆಗಳನ್ನು ತೊಳೆದು, ಒಂದು ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಹುರಿದು, ಸೌಟಿನ ಹಿಂಬದಿಯಿಂದ ತಲೆಗಳನ್ನು ಚೆನ್ನಾಗಿ ಜಜ್ಜಿ, ಕೋಳಿ ಬೇಯಿಸಿದ ನೀರನ್ನು ಅದರ ಮೇಲೆ ಸುರಿದು ಹದಿನೈದು ನಿಮಿಷ ಕುದಿಸಿ ಸೋಸಿಕೊಳ್ಳಿ. ತಲೆಗಳಲ್ಲಿರುವ ಕೇಸರಿ ಬಣ್ಣದ ಕೊಬ್ಬು ಎಸರಿಗೆ ಇಳಿದಾಗ ಬರುವ ರುಚಿಗೆ ಬೇರೆ ಯಾವ ಪುಡಿಯೂ ಸಾಟಿಯಲ್ಲ. ಮೀನಂಗಡಿಯಲ್ಲಿ ಸಿಗಡಿ ಬಿಡಿಸಿ ಕೊಡುವುದಾದರೆ ತಲೆಗಳನ್ನೂ ಕೇಳಿ ತನ್ನಿ. ಅವನ್ನು ಎಸೆಯುವುದು ನನಗೆ ಬಹಳ ಸಂಕಟದ ವಿಷಯ. ಸೋಸಿದ ನಂತರ ನಿಮ್ಮ ಬಳಿ ಸುಮಾರು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಸರು ಇರಬೇಕು. ಕಡಿಮೆಯಾದರೆ ಬಿಸಿನೀರು ಸೇರಿಸಿ ಸರಿದೂಗಿಸಿ.

ಸಾಸ್‌ಗಳ ವಿಷಯದಲ್ಲಿ ಜನ ಎಡವುವುದು ಎರಡು ಕಡೆ. ನಮ್ಮಲ್ಲಿ ‘ಡಾರ್ಕ್ ಸೋಯಾ’ ಎಂದು ಮಾರುವುದು ಮಂದವಾಗಿದ್ದು ಮುಖ್ಯವಾಗಿ ಬಣ್ಣಕ್ಕೆ. ಅದನ್ನು ಅಳತೆಯಂತೆ ಸುರಿದರೆ ಪನ್ಸಿಟ್ ಕಪ್ಪಾಗುತ್ತದೆ. ‘ಲೈಟ್ ಸೋಯಾ’ ಎಂದಿರುವ ತೆಳುವಾದ ಉಪ್ಪುಪ್ಪಾದ ಸಾಸ್ ಮೂರು ದೊಡ್ಡ ಚಮಚ ಸಾಕು. ‘ಪಾತಿಸ್’ ಎಂಬ ಅಲ್ಲಿನ ಮೀನಿನ ಸಾಸ್ ಬದಲಿಗೆ ಥಾಯ್ ಮೀನಿನ ಸಾಸ್ ಒಂದು ದೊಡ್ಡ ಚಮಚ ಹಾಕಬಹುದು. ಇವೆರಡರಲ್ಲಿಯೇ ಬೇಕಾದಷ್ಟು ಉಪ್ಪಿರುವುದರಿಂದ ಕೊನೆಯವರೆಗೆ ಬೇರೆ ಉಪ್ಪು ಹಾಕಬೇಡಿ, ಏಕೆಂದರೆ ಎಸರು ಇಂಗುತ್ತಾ ಹೋದಂತೆ ಅದರಲ್ಲಿನ ಉಪ್ಪೆಲ್ಲ ನೂಡಲ್ಸಿನಲ್ಲಿ ಉಳಿಯುತ್ತದೆ. ಕಾಂಟನ್ ಮಾಡುವಾಗ ಒಂದು ದೊಡ್ಡ ಚಮಚ ಆಯ್‌ಸ್ಟರ್ ಸಾಸ್ ಸೇರಿಸುವುದು ರೂಢಿ. ಚಿಲ್ಲಿ ಸಾಸ್, ಟೊಮೆಟೊ ಕೆಚಪ್, ಅಡುಗೆಯ ನಡುವೆ ವಿನೆಗರ್ ಇವು ಯಾವುವೂ ಬೇಡ. ಖಾರಕ್ಕೆ ಕಾಳುಮೆಣಸಿನ ಪುಡಿ ಮಾತ್ರ.

ಬಿಹೊನ್ ನೆನೆಸಲು ಬಿಸಿನೀರು ಬಳಸಬೇಡಿ. ಅಗಲವಾದ ಪಾತ್ರೆಯಲ್ಲಿ ತಣ್ಣೀರು ತುಂಬಿ, ನೂಡಲ್ಸ್ ಮುಳುಗಿಸಿ ಹತ್ತು ನಿಮಿಷ ಬಿಡಿ. ಎಳೆಗಳು ಮುರಿಯದೆ ಬಾಗುವಷ್ಟಾಗಬೇಕು, ಆದರೆ ಕಚ್ಚಿ ನೋಡಿದರೆ ಒಳಗೆ ಗಟ್ಟಿಯಾಗಿಯೇ ಇರಬೇಕು. ತಣ್ಣೀರಿನಲ್ಲಿ ನೂಡಲ್ಸ್ ತೇವವನ್ನು ಹೀರುತ್ತದೆಯೇ ಹೊರತು ಬೇಯುವುದಿಲ್ಲ, ಪಿಷ್ಟ ಉಬ್ಬಿ ಮೆತ್ತಗಾಗುವುದು ಬಾಣಲೆಯ ಬಿಸಿಯಲ್ಲಿ. ಈ ವ್ಯತ್ಯಾಸವೇ ನಿಮ್ಮನ್ನು ಕಾಪಾಡುತ್ತದೆ. ನಂತರ ಜರಡಿಗೆ ಹಾಕಿ ಪೂರ್ತಿ ಬಸಿಯಿರಿ. ಕಾಂಟನ್ ಆದರೆ ನೆನೆಸುವುದೇ ಬೇಡ. ಕರಿದ ನೂಡಲ್ಸ್ ಎಸರನ್ನು ತಾನಾಗಿಯೇ ಬೇಗ ಹೀರಿಕೊಳ್ಳುತ್ತದೆ. ಸೊತಾಂಗೊನ್ ಆದರೆ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಬೇಕು.

ತರಕಾರಿಗಳಲ್ಲಿ ಕ್ಯಾರೆಟ್, ಹುರುಳಿಕಾಯಿ, ಎಲೆಕೋಸು ಇರಲೇಬೇಕು. ಅಲ್ಲಿ ಹುರುಳಿಕಾಯಿಗೆ ಬಾಗಿಯೊ ಬೀನ್ಸ್ ಎನ್ನುತ್ತಾರೆ, ಬಾಗಿಯೊ ಸುತ್ತಲಿನ ತಂಪಾದ ಬೆಟ್ಟಗಳಲ್ಲಿ ಅದು ಹೇರಳವಾಗಿ ಬೆಳೆಯುವುದರಿಂದ. ಕೆಲವು ಮನೆಗಳಲ್ಲಿ ಸೀಮೆ ಬದನೆಯನ್ನೂ ಹಾಕುತ್ತಾರೆ. ಎಲ್ಲವನ್ನೂ ಬೆಂಕಿಕಡ್ಡಿಯಷ್ಟು ಸಣ್ಣಗೆ, ಉದ್ದುದ್ದ ಹೆಚ್ಚಬೇಕು. ಎಲೆಕೋಸು ಮಾತ್ರ ಸ್ವಲ್ಪ ಅಗಲವಾಗಿರಲಿ. ಪರಿಮಳಕ್ಕೆ ಅವರು ಬಳಸುವ ಚೈನೀಸ್ ಸೆಲೆರಿಯ ಬದಲು ನಮ್ಮಲ್ಲಿ ಸಿಗುವ ಸೆಲೆರಿಯ ಎಲೆ ಮತ್ತು ಎಳೆಯ ದಂಟು ಆಗುತ್ತದೆ. ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿ ನಮ್ಮ ಕಡೆಗೆ ತಿರುಗಿಬಿಡುತ್ತದೆ, ಆದ್ದರಿಂದ ಅದರ ಬದಲು ಈರುಳ್ಳಿ ಸೊಪ್ಪು ಹಾಕಿ.

ನಿಮ್ಮಲ್ಲಿರುವ ಅತ್ಯಂತ ಅಗಲವಾದ ಬಾಣಲೆಯನ್ನು ಒಲೆಯ ಮೇಲಿಡಿ. ಮೂರು ಚಮಚ ಎಣ್ಣೆಯಲ್ಲಿ ನಾಟಿ ಬೆಳ್ಳುಳ್ಳಿಯ ಹತ್ತು ಹನ್ನೆರಡು ಎಸಳುಗಳನ್ನು ಸಣ್ಣಗೆ ಕೊಚ್ಚಿ ಹೊಂಬಣ್ಣಕ್ಕೆ ಹುರಿದು, ಅರ್ಧವನ್ನು ತೆಗೆದು ಮೇಲೆ ಉದುರಿಸಲು ಇಟ್ಟುಕೊಳ್ಳಿ. ಉಳಿದುದಕ್ಕೆ ಈರುಳ್ಳಿ ಹಾಕಿ ಬಾಡಿಸಿ, ಸಿಗಡಿಯನ್ನು ಬಣ್ಣ ತಿರುಗುವವರೆಗೆ ಮಾತ್ರ ಹುರಿದು ತಟ್ಟೆಗೆ ತೆಗೆಯಿರಿ. ಅದು ಕೊನೆಯವರೆಗೆ ಬಾಣಲೆಯಲ್ಲಿದ್ದರೆ ರಬ್ಬರಿನಂತಾಗುತ್ತದೆ. ಈಗ ಬಿಡಿಸಿಟ್ಟ ಕೋಳಿ ಮಾಂಸ ಹಾಕಿ, ಮೀನಿನ ಸಾಸನ್ನು ಬಾಣಲೆಯ ಬಿಸಿ ಅಂಚಿಗೆ ತಗಲುವಂತೆ ಸುರಿದು ಒಂದು ನಿಮಿಷ ಕೈಯಾಡಿಸಿ. ಮೀನಿನ ಸಾಸಿನ ಹಸಿ ವಾಸನೆ ಹೋಗಲು ಈ ಒಂದು ನಿಮಿಷ ಅಗತ್ಯ. ನಂತರ ಕ್ಯಾರೆಟ್ ಮತ್ತು ಹುರುಳಿಕಾಯಿಯನ್ನು ಎರಡು ನಿಮಿಷ, ಎಲೆಕೋಸನ್ನು ಒಂದೇ ನಿಮಿಷ ಬಾಡಿಸಿ, ತರಕಾರಿ ಇನ್ನೂ ಕರಕರ ಎನ್ನುವಾಗಲೇ ಎಲ್ಲವನ್ನೂ ತಟ್ಟೆಗೆ ತೆಗೆದಿಡಿ. ತರಕಾರಿ ಬಾಣಲೆಯಲ್ಲೇ ಉಳಿದರೆ ನೂಡಲ್ಸ್ ಬೇಯುವಷ್ಟರಲ್ಲಿ ಅದು ಬಣ್ಣಗೆಟ್ಟು, ನೀರು ಬಿಟ್ಟು ಎಸರಿನ ಲೆಕ್ಕವನ್ನೂ ತಪ್ಪಿಸುತ್ತದೆ.

ಖಾಲಿಯಾದ ಅದೇ ಬಾಣಲೆಗೆ 450 ಮಿಲಿಲೀಟರ್ ಎಸರು, ಸೋಯಾ ಸಾಸ್, ಅರ್ಧ ಚಮಚ ಕಾಳುಮೆಣಸಿನ ಪುಡಿ ಹಾಕಿ ಕುದಿ ಬರಿಸಿ, ತಳ ಹಿಡಿದದ್ದನ್ನೆಲ್ಲ ಕೆರೆದು ಬೆರೆಸಿ. ಉಳಿದ ಎಸರನ್ನು ಪಕ್ಕದಲ್ಲಿ ಬಿಸಿಯಾಗಿಯೇ ಇಟ್ಟುಕೊಳ್ಳಿ. ಎಸರಿನ ರುಚಿ ನೋಡಬೇಕಾದದ್ದು ಈಗಲೇ: ಕುಡಿಯುವ ಸೂಪಿಗಿಂತ ಒಂದು ಹಂತ ಹೆಚ್ಚು ಉಪ್ಪಾಗಿ, ಹಾಗೇ ಕುಡಿಯಲು ಸ್ವಲ್ಪ ಜೋರು ಎನ್ನಿಸಬೇಕು. ಬಸಿದ ಬಿಹೊನ್ ಹಾಕಿ, ಉರಿಯನ್ನು ಮಧ್ಯಮಕ್ಕೆ ಇಳಿಸಿ, ಎರಡು ಮರದ ಸೌಟುಗಳಿಂದ ಅಥವಾ ಇಕ್ಕಳದಿಂದ ಕೆಳಗಿನ ಎಳೆಗಳನ್ನು ಮೇಲಕ್ಕೆತ್ತಿ ಬಿಡುತ್ತಾ ಇರಿ. ಒಂದೇ ಸೌಟಿನಿಂದ ತಿರುವಿದರೆ ಎಳೆಗಳು ತುಂಡಾಗುತ್ತವೆ, ತುಂಡಾದಲ್ಲೆಲ್ಲ ಪಿಷ್ಟ ಹೊರಬರುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಬಿಳಿಯ ಎಳೆಗಳು ತಿಳಿಗಂದು ಬಣ್ಣಕ್ಕೆ ತಿರುಗಿ, ಬಾಣಲೆಯ ತಳದಲ್ಲಿ ದ್ರವ ಕಾಣದಂತಾಗಿ, ಚಟಚಟ ಸದ್ದು ಆರಂಭವಾಗುತ್ತದೆ. ಆಗ ಒಂದು ಎಳೆಯನ್ನು ಕಚ್ಚಿ ನೋಡಿ. ನಡುವೆ ಗಟ್ಟಿಯಿದ್ದರೆ ಪಕ್ಕದ ಎಸರಿನಿಂದ ಒಂದು ಸಣ್ಣ ಸೌಟು ಹಾಕಿ ಮುಂದುವರಿಸಿ. ಬೆಂದಿದ್ದೂ ಇನ್ನೂ ಎಸರು ಉಳಿದಿದ್ದರೆ ಉರಿ ದೊಡ್ಡದು ಮಾಡಿ, ಎತ್ತಿ ಬಿಡುತ್ತಾ ಅದನ್ನು ಇಂಗಿಸಿ. ಎಸರನ್ನು ಆಮೇಲೆ ಸೇರಿಸಬಹುದು, ಹೆಚ್ಚಾದುದನ್ನು ತೆಗೆಯುವುದು ಕಷ್ಟ. ಆದ್ದರಿಂದಲೇ ಮೊದಲು ಸ್ವಲ್ಪ ಕಡಿಮೆ ಹಾಕಲು ಹೇಳಿದ್ದು. ಕಾಂಟನ್ ಆದರೆ 200 ಗ್ರಾಂಗೆ ಅರ್ಧ ಲೀಟರ್ ಎಸರು ಬೇಕು, ನೆನೆಸದೆ ನೇರವಾಗಿ ಹಾಕಿ ಮೊದಲ ಎರಡು ನಿಮಿಷ ಮುಚ್ಚಿಡಿ. ಕೊನೆಯಲ್ಲಿ ತರಕಾರಿ, ಕೋಳಿ, ಸಿಗಡಿಗಳ ಮುಕ್ಕಾಲು ಪಾಲನ್ನು ಒಳಗೆ ಬೆರೆಸಿ, ಉಳಿದದ್ದನ್ನು ಸೆಲೆರಿ ಮತ್ತು ಹುರಿದ ಬೆಳ್ಳುಳ್ಳಿಯ ಜೊತೆ ಮೇಲೆ ಹರಡಿ ಇಳಿಸಿ.

ಬಡಿಸುವಾಗ ನಿಂಬೆ ಮರೆತರೆ ಅದು ಪನ್ಸಿಟ್ ಆಗುವುದಿಲ್ಲ. ಅಲ್ಲಿ ‘ಕಲಮಾನ್ಸಿ’ ಎಂಬ ಗೋಲಿಯಷ್ಟು ದೊಡ್ಡ ಹುಳಿಹಣ್ಣನ್ನು ತಟ್ಟೆಯ ಅಂಚಿನಲ್ಲಿಟ್ಟು ಕೊಡುತ್ತಾರೆ. ಅದರಲ್ಲಿ ನಿಂಬೆಯ ಹುಳಿಯ ಜೊತೆ ಕಿತ್ತಳೆಯ ಸುವಾಸನೆಯೂ ಇರುತ್ತದೆ. ಮೂರು ಪಾಲು ನಿಂಬೆರಸಕ್ಕೆ ಒಂದು ಪಾಲು ಕಿತ್ತಳೆ ರಸ ಬೆರೆಸಿದರೆ ಸಾಕಷ್ಟು ಹತ್ತಿರ ಬರುತ್ತದೆ. ನರ್ಸರಿಗಳಲ್ಲಿ ‘ಚೈನಾ ಆರೆಂಜ್’ ಎಂದು ಅಲಂಕಾರಕ್ಕೆ ಮಾರುವ ಕುಂಡದ ಗಿಡ ಹೆಚ್ಚಾಗಿ ಇದೇ ಜಾತಿಯದು. ನಿಮ್ಮ ಮನೆಯಲ್ಲೇ ಬೆಳೆದು ಔಷಧಿ ಸಿಂಪಡಿಸದ ಗಿಡವಿದ್ದರೆ ಅದರ ಹಣ್ಣು ಬಳಸಬಹುದು, ಹೊಸದಾಗಿ ಕೊಂಡು ತಂದ ಗಿಡದ ಹಣ್ಣು ಬೇಡ. ಹುಳಿಯನ್ನು ಒಲೆಯ ಮೇಲಿದ್ದಾಗ ಹಾಕದೆ, ತಿನ್ನುವವರೇ ತಮ್ಮ ತಟ್ಟೆಯಲ್ಲಿ ಹಿಂಡಿಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಮಾಡುವಾಗ ಮಾಂಸ ಬಿಟ್ಟು ಉಳಿದುದನ್ನು ಹಾಗೇ ಮಾಡಿದರೆ ಸಪ್ಪೆಯಾಗುತ್ತದೆ, ಏಕೆಂದರೆ ಎಸರಿನಲ್ಲಿ ಏನೂ ಇರುವುದಿಲ್ಲ. ಆರು ಒಣ ಶಿಟಾಕೆ ಅಣಬೆಗಳನ್ನು 700 ಮಿಲಿಲೀಟರ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರಿಗೆ ಉರಿಯ ಮೇಲೆ ಸುಟ್ಟ ಒಂದು ಈರುಳ್ಳಿ, ಕ್ಯಾರೆಟ್ ತುಂಡು, ಎಲೆಕೋಸಿನ ದಂಟು ಹಾಕಿ ಇಪ್ಪತ್ತು ನಿಮಿಷ ಕುದಿಸಿ ಸೋಸಿ. ಅಣಬೆಯನ್ನು ಹೆಚ್ಚಿ ಕೋಳಿಯ ಸ್ಥಾನದಲ್ಲಿ ಬಳಸಿ. ಅಣಬೆ ತಿನ್ನದವರಿದ್ದರೆ ಸುಟ್ಟ ಈರುಳ್ಳಿಯನ್ನು ಒಂದರ ಬದಲು ಎರಡು ಹಾಕಿ, ಬೆಳ್ಳುಳ್ಳಿ ಹೆಚ್ಚಿಸಿ. ಕರಿದ ತೋಫು ಅಲ್ಲಿಯೂ ಪನ್ಸಿಟ್‌ಗೆ ಹಾಕುವ ಪದಾರ್ಥವೇ, ಅದನ್ನು ಪರಕೀಯವೆಂದು ಭಾವಿಸಬೇಕಾಗಿಲ್ಲ. ಮೀನಿನ ಸಾಸ್ ಇಲ್ಲದಿರುವುದಕ್ಕೆ ಇನ್ನೊಂದು ಚಮಚ ಲೈಟ್ ಸೋಯಾ ಹಾಕಿ. ರುಚಿ ಅದೇ ಆಗದು, ಆದರೆ ತನ್ನಷ್ಟಕ್ಕೆ ಪೂರ್ಣವಾಗಿರುತ್ತದೆ. ಕಾಂಟನ್ ನೂಡಲ್ಸಿನಲ್ಲಿ ಮೊಟ್ಟೆ ಇರಬಹುದು, ಆಯ್‌ಸ್ಟರ್ ಸಾಸ್ ಚಿಪ್ಪುಜೀವಿಯ ಸಾರದ್ದು. ಆದ್ದರಿಂದ ಸಸ್ಯಾಹಾರಿಗಳಿಗೆ ಬಿಹೊನ್ನನ್ನೇ ಆರಿಸಿ, ಬೇರೆ ಬಾಣಲೆ, ಬೇರೆ ಸೌಟುಗಳಲ್ಲಿ, ಅವರದ್ದನ್ನೇ ಮೊದಲು ಮಾಡಿ ಮುಗಿಸಿ.

ಹುಟ್ಟುಹಬ್ಬಕ್ಕೆ ಪನ್ಸಿಟ್ ಮಾಡುವ ನಿಮ್ಮ ಆಲೋಚನೆ ಅಲ್ಲಿನ ಪದ್ಧತಿಗೆ ಸರಿಯಾಗಿಯೇ ಇದೆ. ಉದ್ದ ಎಳೆ ದೀರ್ಘಾಯುಷ್ಯದ ಗುರುತೆಂಬ ಚೀನೀ ನಂಬಿಕೆ ಅಲ್ಲಿ ಬೇರೂರಿ, ಹುಟ್ಟುಹಬ್ಬದ ಊಟದಲ್ಲಿ ಇದು ಇರಲೇಬೇಕೆಂಬ ರೂಢಿಯಾಗಿದೆ. ಹಾಗಾಗಿ ಆ ದಿನ ನೂಡಲ್ಸನ್ನು ಕತ್ತರಿಸದಿರಿ, ಪ್ಯಾಕೆಟ್‌ನಿಂದ ತೆಗೆಯುವಾಗಲೂ ಮುರಿಯದಿರಿ. ಬೇರೆ ತಿನಿಸುಗಳೂ ಇರುವಾಗ ಇಪ್ಪತ್ತು ಜನರಿಗೆ ಒಂದು ಕಿಲೋ ಒಣ ನೂಡಲ್ಸ್ ಸಾಕಾಗುತ್ತದೆ, ಆದರೆ ಅಷ್ಟನ್ನೂ ಒಂದೇ ಬಾಣಲೆಯಲ್ಲಿ ಹಾಕಿದರೆ ಕೆಳಗಿನದು ಕರಗಿ ಮೇಲಿನದು ಹಸಿಯಾಗಿ ಉಳಿಯುತ್ತದೆ. 400 ಗ್ರಾಂ ಮೀರದಂತೆ ಮೂರು ಸಲ ಮಾಡಿ. ಬಾಣಲೆಯಲ್ಲಿ ಪ್ರಮಾಣ ಹೆಚ್ಚಿದಂತೆ ಆವಿಯಾಗಿ ಹೋಗುವ ಪಾಲು ಕಡಿಮೆಯಾಗುವುದರಿಂದ, 400 ಗ್ರಾಂಗೆ 900ರ ಬದಲು 800 ಮಿಲಿಲೀಟರ್ ಎಸರಿನಿಂದ ಆರಂಭಿಸಿ. ಎಸರನ್ನು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಬಹುದು. ತರಕಾರಿ ಹೆಚ್ಚುವುದು, ಕೋಳಿ ಬಿಡಿಸುವುದು, ಬೆಳ್ಳುಳ್ಳಿ ಹುರಿಯುವುದೂ ಮೊದಲೇ ಆಗಲಿ. ನೂಡಲ್ಸನ್ನು ಮಾತ್ರ ಊಟಕ್ಕೆ ಒಂದು ಗಂಟೆ ಮೊದಲು ಒಲೆಗೆ ಹಾಕಿ.

ಬೆಂದ ಪನ್ಸಿಟ್ಟನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿದು, ಬೆಚ್ಚಗಿರುವ ಅಕ್ಕಿಯ ಪದಾರ್ಥಗಳಲ್ಲಿ ಬೆಳೆಯುತ್ತವೆ, ಅವು ಉಂಟುಮಾಡುವ ವಾಂತಿಕಾರಕ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಎಲೆಕೋಸು, ಸಿಗಡಿ ಇರುವುದರಿಂದ ಹಳಸುವುದೂ ಬೇಗ. ಉಳಿದದ್ದನ್ನು ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಹರಡಿ ಬೇಗ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ತಣ್ಣಗಾದಾಗ ಎಳೆಗಳು ಬಿರುಸಾಗುತ್ತವೆ. ಬಾಣಲೆಯಲ್ಲಿ ಎರಡು ಮೂರು ಚಮಚ ಎಸರು ಅಥವಾ ನೀರು ಕಾಯಿಸಿ, ನೂಡಲ್ಸ್ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತವೆ. ಹೊಸದಾಗಿ ನಿಂಬೆ ಹಿಂಡಿ ಬಡಿಸಿ.